ತಿಮ್ಮರಲು

ಶಿಷ್ಯ ಬೊಮ್ಮಯ್ಯ ಕೇಳಿದ: "ಗುರುಗಳೇ, ಹೊಟ್ಟೆಕಿಚ್ಚು ಆರುವುದು ಹೇಗೆ?"

"ಯಾರ ಮೇಲಿನದು?" ಎಂದರು ಗುರುಗಳು.

"ತಿಪ್ಪಣ್ಣನ ಮೇಲಿನದು. ಅವನು ಇಲ್ಲಿಗೆ ಬಂದಾಗ ಬೇರಿಗೂ ಕೊಂಬೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಈಗ ಮರಕ್ಕೇ ಮೂವತ್ತು ಹಳೆಯ ಹೆಸರು ಹೇಳುತ್ತಾನೆ. ನಿನ್ನೆ ಪಾಠದಲ್ಲಿ ಕಾಡಿಗೆ 'ಗಿಡುಮಾಳ' ಎಂದ. ನೀವು ತಲೆದೂಗಿದಿರಿ. ಆಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ."

ಗುರುಗಳು ಹೇಳಿದರು:

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಬಡಗಿ ಇದ್ದ. ಅವನಿಗೆ ಮರದ ಹಳೆಯ ಮಾತುಗಳೆಲ್ಲ ಗೊತ್ತಿದ್ದವು. ಒಳಗಿನ ಗಟ್ಟಿ ತಿರುಳಿಗೆ ಚೇಗು ಅನ್ನುವನು. ಉಗುರಿಗೆ ಚುಚ್ಚುವ ಸೀಳಿಗೆ ಸಿಬಿರು, ಗಿಳಿ ಗೂಡು ಕಟ್ಟುವ ತೂತಿಗೆ ಪೊಟರೆ. ಜನ ಕೆಲಸ ಇಲ್ಲದಿದ್ದರೂ ಅವನ ಮಾತು ಕೇಳಲು ಬಂದು ಕೂರುತ್ತಿದ್ದರು.

ಗೋಡೆಯ ಆಚೆ ಇನ್ನೊಬ್ಬ ಬಡಗಿ ಇದ್ದ. ಅವನಿಗೆ ಗೊತ್ತಿದ್ದದ್ದು ಎರಡೇ ಮಾತು. ಕೆಲಸಕ್ಕೆ ಬಂದರೆ ಮರ, ಬಾರದಿದ್ದರೆ ಸೌದೆ. ಅವನ ಅಂಗಳಕ್ಕೆ ಕೋಳಿಯೂ ಬರುತ್ತಿರಲಿಲ್ಲ. ಅವನು ಹೊಟ್ಟೆಕಿಚ್ಚು ತಾಳಲಾರದೆ ದಿನವೂ ಗೋಡೆಗೆ ಕಿವಿಯಿಟ್ಟು ನಿಂತು ಮಾತು ಕದಿಯತೊಡಗಿದ.

ಕದಿಯುವವನು ಬಗ್ಗಿದ್ದ. ಅವನ ರುಮಾಲು ಬಗ್ಗಿರಲಿಲ್ಲ. ಮೊದಲನೆಯ ಬಡಗಿ ಗೋಡೆಯ ಮೇಲೆ ಅದರ ತುದಿ ಕಂಡ. ಹೆಂಡತಿಗೆ ಕಣ್ಣು ಮಿಟುಕಿಸಿ ಗಟ್ಟಿಯಾಗಿ ಹೇಳಿದ: "ನೋಡೇ, ಎಲ್ಲಕ್ಕಿಂತ ದೊಡ್ಡದು ತಿಮ್ಮರಲು. ನಮ್ಮ ಮುತ್ತಜ್ಜನ ಕಾಲದ ಮಾತು. ತಿಮ್ಮರಲು ಇಲ್ಲದ ಹಲಗೆಯಲ್ಲಿ ದೋಣಿ ಮಾಡಿದರೆ ಮುಳುಗಿತು ಅಂತಲೇ ಲೆಕ್ಕ."

ಅಂಥ ಮಾತು ಲೋಕದಲ್ಲಿ ಇರಲಿಲ್ಲ. ರುಮಾಲು ಮರೆಯಾದ ಮೇಲೆ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೆಯ ಬಡಗಿ ನಗಲಿಲ್ಲ. ಮಾತು ಸಿಕ್ಕಿತು, ವಸ್ತು ಸಿಗಬೇಕಲ್ಲ. ಅವನು ಮನೆಯಲ್ಲಿದ್ದ ಹಲಗೆಗಳನ್ನೆಲ್ಲ ಹರಡಿದ. ಒಂದೊಂದನ್ನೂ ಕೊಡತಿಯಿಂದ ತಟ್ಟಿದ, ನೆನೆಸಿದ, ಒಣಗಿಸಿದ, ಮತ್ತೆ ತಟ್ಟಿದ. ಕೆಲವು ಹಲಗೆ ಬದ್ ಎಂದವು. ಅವು ನೀರು ಕುಡಿದು ಸೊಟ್ಟಗಾದವು. ಕೆಲವು ಠಣ್ ಎಂದವು. ಅವು ಹೇಗಿದ್ದವೋ ಹಾಗೇ ಇದ್ದವು. "ಸಿಕ್ಕಿತು! ಈ ಠಣ್ ಅನ್ನುವುದೇ ತಿಮ್ಮರಲು" ಎಂದುಕೊಂಡ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಆ ಮಳೆಗಾಲಕ್ಕೆ ಮೊದಲು ಕಡವಿನ ಅಂಬಿಗ ಹೊಸ ದೋಣಿ ಮಾಡಿಸಲು ಬಂದ. ಊರಿಗೆ ಇದ್ದದ್ದು ಅದೊಂದೇ ದೋಣಿ. ಅದನ್ನು ಮಾಡಿದವನೇ ಊರಿನ ಬಡಗಿ ಎನಿಸಿಕೊಳ್ಳುವವನು. ಮೊದಲನೆಯವನು ಅಂಬಿಗನಿಗೆ ಹನ್ನೆರಡು ಹಳೆಯ ಮಾತು ಹೇಳಿದ. ಎರಡನೆಯವನು ಹಲಗೆಯನ್ನು ತಟ್ಟಿ, "ಕಿವಿ ಇಡಪ್ಪಾ. ಕೇಳಿಸಿತಾ? ತಿಮ್ಮರಲು" ಎಂದ. ಅಂಬಿಗ ಕೆಲಸವನ್ನು ಅವನಿಗೇ ಕೊಟ್ಟ.

ಹೊಳೆ ತುಂಬಿ ಹರಿಯಿತು. ದೋಣಿಯೊಳಗೆ ಒಂದು ಹನಿ ನೀರು ಬರಲಿಲ್ಲ. ಊರಿನ ಬಾಯಲ್ಲಿ ತಿಮ್ಮರಲು, ತಿಮ್ಮರಲು. ಮದುವೆ ಮಣೆಗೂ ತಿಮ್ಮರಲು ಬೇಕು, ತೊಟ್ಟಿಲಿಗೂ ಬೇಕು. ಹೆಣ್ಣು ನೋಡಲು ಬಂದವರು ಕೂಡ, "ಹುಡುಗಿ ತಿಮ್ಮರಲು ಇರುವವಳು" ಎಂದು ಮೆಚ್ಚಿಕೊಂಡು ಹೋದರು.

ಮೊದಲನೆಯ ಬಡಗಿಯ ಅಂಗಳ ಬರಿದಾಯಿತು. ಅವನು ದಿಮ್ಮಿ ಕೊಳ್ಳಲು ಹೋದಾಗ ಮರದ ವ್ಯಾಪಾರಿ ಕೇಳಿದ: "ಆಚಾರ್ರೇ, ನಿಮಗೆ ತಿಮ್ಮರಲು ನೋಡಲು ಬರುತ್ತದೆಯೋ? ಇಲ್ಲದಿದ್ದರೆ ನಿಮ್ಮ ಪಕ್ಕದ ಮನೆಯವರನ್ನೇ ಕರೆಸೋಣ."

"ಅದು ಸುಳ್ಳಯ್ಯಾ! ನಾನು ತಮಾಷೆಗೆ ಹುಟ್ಟಿಸಿದ ಮಾತು!" ಎಂದು ಬಡಗಿ ಕೂಗಿದ.

ವ್ಯಾಪಾರಿ ಪಕ್ಕದಲ್ಲಿ ನಿಂತಿದ್ದ ಆಳಿನ ಕಡೆ ತಿರುಗಿ, "ಪಾಪ, ಹೊಟ್ಟೆಕಿಚ್ಚು" ಎಂದ.

ಬಡಗಿ ಮನೆಗೆ ಬಂದು ಬಾಗಿಲು ಹಾಕಿಕೊಂಡ. ತನ್ನ ಹಲಗೆಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ಎಲ್ಲವೂ ಒಂದೇ ಥರ ಕೇಳಿಸಿದವು. ಮರುದಿನ ಅವನು ರುಮಾಲು ಬಿಚ್ಚಿಟ್ಟು, ಬಗ್ಗಿ, ಅದೇ ಗೋಡೆಗೆ ಈಚೆಯಿಂದ ಕಿವಿಯಿಟ್ಟು ನಿಂತ.

ಕತೆ ಮುಗಿಯಿತು. ಬೊಮ್ಮಯ್ಯನಿಗೆ ನಗು ತಡೆಯಲಾಗಲಿಲ್ಲ. "ಅವನಿಗೆ ಹಾಗೇ ಆಗಬೇಕು ಗುರುಗಳೇ! ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ?" ಎಂದ.

ಗುರುಗಳು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಕೇಳಿದರು:

"ಗಿಡುಮಾಳ ಎಂಬ ಮಾತನ್ನು ತಿಪ್ಪಣ್ಣನಿಗೆ ತಮಾಷೆಗೆ ಹೇಳಿಕೊಟ್ಟವರು ಯಾರು, ಬೊಮ್ಮಯ್ಯಾ?"