ಎರೆಹುಳು ಕೇಳಿದ ಒಂದು ಹನಿ

"ಒಣಗದೆ ಇನ್ನೇನಾಗ್ತೀನಿ ಸ್ವಾಮಿ? ಸುತ್ತಲಿನ ತೇವವನ್ನೆಲ್ಲ ನೀವೇ ಹೀರಿದ್ದೀರಲ್ಲ!" ಎಂದು ಎರೆಹುಳು ಗೊಣಗಿತು. ಯಾಕಿಷ್ಟು ಸೊರಗಿದ್ದೀಯಾ ಅಂತ ಕೇಳಿದ್ದು ತಿಪ್ಪೆ ಮೇಲೆ ಊದಿಕೊಂಡು ಕೂತಿದ್ದ ಡೈಪರು.

"ಒಂದೇ ಒಂದು ಹನಿ ಬಿಡಿ. ಮಕ್ಕಳ ಮೈ ಒಣಗ್ತಾ ಇದೆ, ಸಂಜೆತನಕ ಉಳಿಯೋದು ಕಷ್ಟ."

"ಹೀರಿದ್ದನ್ನ ಬಿಡೋದು ನಮ್ಮ ವಂಶದಲ್ಲೇ ಇಲ್ಲ. ಮಗು ನನ್ನನ್ನ ಹಾಕ್ಕೊಂಡಿದ್ದು ಒಂದು ಹೊತ್ತು. ಅದರ ಮೊಮ್ಮಕ್ಕಳು ಬಂದಾಗಲೂ ನಾನು ಹೀಗೇ ಇರ್ತೀನಿ."

ಎರೆಹುಳು ತಡೆಯಲಾರದೆ ಬಾಯಿ ಹಾಕಿತು. ಬಾಯ್ತುಂಬ ಅಂಟು ಜೆಲ್ಲಿ. ಅದನ್ನ ಉಗಿಯೋಷ್ಟರಲ್ಲಿ ಮಧ್ಯಾಹ್ನವಾಯಿತು.

ಪಕ್ಕದಲ್ಲಿ ಅಜ್ಜಿ ಸೀರೆ ಹರಿದು ಮಾಡಿದ ಹಳೇ ಲಂಗೋಟಿ ಬಿದ್ದಿತ್ತು. "ನಾನೂ ಸಾಚಾ ಅಲ್ಲಪ್ಪ" ಎಂದಿತು ಅದು. "ಮೂರು ಮಕ್ಕಳು ದೊಡ್ಡವಾಗೋಷ್ಟರಲ್ಲಿ ಒಗೆತಕ್ಕೆ ಅರ್ಧ ಬಾವಿ ಖಾಲಿ ಮಾಡಿಸಿದೀನಿ. ಈಗ ಲಡ್ಡಾಗಿ, ಮುಟ್ಟಿದರೆ ಹರಿಯೋ ಹಾಗಾಗಿದೀನಿ. ನಿನ್ನೆ ಕೊನೇ ಸಲ ಒಗೆದು ಎಸೆದ್ರು, ಆ ತೇವ ಇನ್ನೂ ಇದೆ, ಹರಕೊಂಡು ಹೋಗು."

ಎರೆಹುಳು ಒದ್ದೆ ಚೂರೊಂದನ್ನ ಮನೆಗೆ ಎಳೆದು ತಂದಿತು. ಮಕ್ಕಳು ಅದರೊಳಗೆ ಹೊರಳಿ ಜೀವ ಹಿಡಿದವು. ನಡೆದದ್ದನ್ನೆಲ್ಲ ಕೇಳಿಸಿಕೊಂಡ ಹೆಂಡತಿ ಹೇಳಿತು:

"ಅದೆಲ್ಲ ಸರಿ. ಆ ಮನೆ ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಹುಯ್ಯುತ್ತೆ ಅಂತ ಕೇಳಿದ್ರಾ? ಅಷ್ಟೂ ಡೈಪರು ನಮ್ಮ ತಲೆ ಮೇಲೇ ಬೀಳೋದು."