ಸ್ವಾಮಿಗಳು ಬಿಟ್ಟುಕೊಟ್ಟ ದಂಡೆ

ಪೂಜ್ಯ ಶಾಂತಬೋಧ ಸ್ವಾಮಿಗಳು ಕಾರಿಕುದ್ರುವಿಗೆ ಬಂದದ್ದು ಜ್ವರದಿಂದ ಬಳಲುತ್ತ, ಮೀನುಗಾರ ಖಾರ್ವಿಗಳ ದೋಣಿಯೊಂದರಲ್ಲಿ ಮಲಗಿಕೊಂಡು. ಹೊಳೆ ಕಡಲನ್ನು ಸೇರುವಲ್ಲಿರುವ ಆ ಪುಟ್ಟ ದ್ವೀಪದಲ್ಲಿ ಬಲೆ ಇಡುವ ಕೊಟ್ಟಿಗೆಯೇ ಅವರಿಗೆ ಆಶ್ರಮವಾಯಿತು. ಎದುರಿಗೆ ದೋಣಿಗಳು ಬಂದು ನಿಲ್ಲುವ ದಂಡೆ, ಪಕ್ಕದಲ್ಲಿ ಒಣಮೀನಿನ ಚಾಪೆಗಳು. ಆ ವಾಸನೆಯ ನಡುವೆ ಶ್ರೀಗಳು ಅಷ್ಟು ಪ್ರಸನ್ನರಾಗಿ ಹೇಗೆ ಇರುತ್ತಾರೆಂಬುದು ಪೇಟೆಯಿಂದ ಬರುವ ಭಕ್ತರಿಗೆ ಬಿಡಿಸಲಾಗದ ಸೋಜಿಗ.

ಭಕ್ತರಲ್ಲಿ ಮುಖ್ಯರು ಪುಂಡಲೀಕ ಪಡಿಯಾರರು. ಆ ದಂಡೆ ಅವರ ಹಿರಿಯರಿಂದ ಬಂದ ಭೂಮಿ. ಗುರುಗಳಿಗೆ ಅಲ್ಲಿಯೇ ಕಲ್ಲಿನ ಮಠ ಕಟ್ಟಿಸಬೇಕು, ದೋಣಿಗಳನ್ನು ಕುದ್ರುವಿನ ಹಿಂಬದಿಗೆ ಕಳಿಸಬೇಕು ಎಂದು ಅವರು ಸಂಕಲ್ಪಿಸಿದರು. ಅದನ್ನು ಅರಿಕೆ ಮಾಡಿಕೊಂಡಾಗ ಶ್ರೀಗಳು ನಕ್ಕರು, ಅಷ್ಟೆ. ಪಡಿಯಾರರು ಅದನ್ನೇ ಅಪ್ಪಣೆಯೆಂದು ತಿಳಿದು ಕಲ್ಲು ತರಿಸಿ ಇಳಿಸಿದರು.

ಮರುದಿನ ಬೆಳಿಗ್ಗೆ ಅಕ್ಕು ಬಂದಳು. ಮೀನು ಒಣಗಿಸಿ ಮಾರಿ ಸಂಸಾರ ಸಾಗಿಸುತ್ತಿದ್ದ ವಿಧವೆ. ಅದುವರೆಗೆ ಒಮ್ಮೆಯೂ ಶ್ರೀಗಳಿಗೆ ಕೈ ಮುಗಿದವಳಲ್ಲ.

“ಸನ್ಯಾಸಿಗಳಂದ್ರೆ ನಂಗೆ ನಂಬಿಕೆ ಇಲ್ಲ ಸ್ವಾಮಿ. ಆದ್ರೂ ಕೇಂತೆ. ಇಲ್ಲಿ ಮಠ ಕಟ್ಟಿದ್ರೆ ನಾವ್ ದೋಣಿ ಎಲ್ಲಿ ಎಳೂದು? ಮೀನ್ ಎಲ್ಲಿ ಒಣಗ್ಸೂದು?”

“ಹಿಂಬದಿ ಇದೆಯಂತಲ್ಲ, ತಾಯಿ?”

“ಅಲ್ಲಿಯಾ? ನೀವೇ ಒಂದಿನ ಅಲ್ಲಿ ಕೂಕಂಡ್ ಕಾಣಿ!”

“ಆಗಲಿ” ಎಂದರು ಶ್ರೀಗಳು. ಕಮಂಡಲು ಎತ್ತಿಕೊಂಡು ಹೊರಟೇಬಿಟ್ಟರು.

ಪಡಿಯಾರರು ಮೇಸ್ತ್ರಿಯೊಡನೆ ಬಂದಾಗ ಕೊಟ್ಟಿಗೆ ಬರಿದಾಗಿತ್ತು. ಕಾರಣ ತಿಳಿಯದೆ, ಕೇಳಿದಾಗ ಜನ ತೋರಿದ ಕಡೆಗೆ ದೋಣಿ ತಿರುಗಿಸಿದರು. ನೀರು ಇಳಿಯುತ್ತಿದ್ದ ಹೊತ್ತು. ಹಿಂಬದಿಯ ಕೆಸರಿನಲ್ಲಿ ಬೇರು ಚಾಚಿ ನಿಂತ ಕಾಂಡ್ಲ ಗಿಡಗಳು ಕಣ್ಣಿಗೆ ಬೀಳುವಷ್ಟರಲ್ಲಿ ದೋಣಿ ಕೆಸರಿನಲ್ಲಿ ಹೂತು ನಿಂತಿತು. ಎಷ್ಟು ಗಳ ಹಾಕಿ ನೂಕಿದರೂ ಅಲುಗಲಿಲ್ಲ. ಪಡಿಯಾರರು ಪಂಚೆ ಎತ್ತಿಕಟ್ಟಿ ಇಳಿದರೆ ತೊಡೆಯವರೆಗೂ ಕೆಸರು. ಚಪ್ಪಲಿ ಅಲ್ಲೇ ಉಳಿಯಿತು.

ದಡದಲ್ಲಿ, ಸೊಳ್ಳೆಗಳ ನಡುವೆ, ಕಾಂಡ್ಲದ ಬೇರೊಂದರ ಮೇಲೆ ಶ್ರೀಗಳು ಎಂದಿನಂತೆ ಪ್ರಸನ್ನರಾಗಿ ಕುಳಿತಿದ್ದರು. ಪಕ್ಕದಲ್ಲಿ ಗಂಜಿಯ ಪಾತ್ರೆ ಹಿಡಿದು ಅಕ್ಕು ಅಂಗಲಾಚುತ್ತಿದ್ದಳು: “ನಾ ಸಿಟ್ಟಲ್ಲಿ ಹೇಳಿದ್ದು ಸ್ವಾಮಿ. ಏಳಿ, ಮತ್ತೆ ಜ್ವರ ಬತ್ತ್.”

ಪಡಿಯಾರರು ಏದುಸಿರು ಬಿಡುತ್ತ ಪಾದಕ್ಕೆರಗಿದರು. “ಗುರುಗಳೇ, ಇದೇನು? ಇಲ್ಲಿ ಮನುಷ್ಯರು ಕಾಲಿಡುವ ಹಾಗಿಲ್ಲ!”

ಶ್ರೀಗಳು ಹೂತುಹೋದ ದೋಣಿಯತ್ತ ನೋಡಿದರು. “ನಾನು ಎಲ್ಲಿ ಕುಳಿತರೂ ನೀನು ಹುಡುಕಿ ಬರುತ್ತೀ, ಪುಂಡಲೀಕ. ದೋಣಿ ಹಾಗೆ ಬಂದೀತೆ?”

ಗುರುಸೇವೆಯೆಂದು ತಾವು ಎಷ್ಟು ಮನೆಗಳ ಒಲೆ ಆರಿಸಹೊರಟಿದ್ದೆವೆಂಬುದು ಆ ಕೆಸರಿನಲ್ಲಿ ನಿಂತು ಪಡಿಯಾರರಿಗೆ ಹೊಳೆಯಿತು. ಕಣ್ಣು ತುಂಬಿ ಬಂತು. “ದಂಡೆ ಇನ್ನು ಕುದ್ರುವಿನವರದ್ದೇ” ಎಂದು ಅಲ್ಲಿಯೇ ಮಾತು ಕೊಟ್ಟರು. ಕೊಟ್ಟ ಮಾತಿನಂತೆ ಅದನ್ನು ಊರಿನ ಹೆಸರಿಗೆ ಬರೆಸಿಯೂ ಕೊಟ್ಟರು. ಮಠಕ್ಕೆಂದು ತಂದ ಕಲ್ಲುಗಳು ಹೊಳೆ ಕೊರೆಯುತ್ತಿದ್ದ ದಡಕ್ಕೆ ಕಟ್ಟೆಯಾದವು. ಶ್ರೀಗಳು ಅಕ್ಕುವಿನ ಗಂಜಿ ಕುಡಿದು ಬಲೆಯ ಕೊಟ್ಟಿಗೆಗೆ ಮರಳಿದರು.

ಆ ವರ್ಷ ಮಳೆಗಾಲಕ್ಕೆ ಮುನ್ನ ದೋಣಿಗಳನ್ನು ಮೇಲಕ್ಕೆಳೆಯುವ ದಿನ ಪಡಿಯಾರರು ತಾವಾಗಿ ಬಂದರು. ಹಿಂಜರಿಯುತ್ತ ಒಂದು ದೋಣಿಗೆ ಕೈ ಹಚ್ಚಿದರು. ಅಕ್ಕು ನಕ್ಕುಬಿಟ್ಟಳು.

“ಒಡೆಯರೇ, ಬರೀ ಕೈ ಸಾಕಾತಿಲ್ಲ. ಹೆಗಲು ಕೊಡಿ.”

ಪಡಿಯಾರರು ಅಂಗಿ ಕಳಚಿಟ್ಟು, ಮೀನಿನ ಜಿಡ್ಡು ಹತ್ತಿದ ಆ ಮರಕ್ಕೆ ಹೆಗಲು ಕೊಟ್ಟರು.