ಗಣಿಬಾಯಿಯ ನೀರಿನ ಹರವಿ

ಕೆಂಪಗುಡ್ಡದಲ್ಲಿ ಚಿನ್ನದ ಗಣಿ ತೆರೆದಾಗ ಅಲ್ಲಿದ್ದದ್ದು ಹನ್ನೆರಡೇ ತಗಡಿನ ಗುಡಿಸಲು. ಪೂಜ್ಯ ಮೌನಪ್ಪ ತಾತನವರು ಗಣಿಬಾಯಿಯ ಪಕ್ಕದ ಬೇವಿನ ನೆರಳಲ್ಲಿ ನೀರಿನ ಹರವಿಯಿಟ್ಟುಕೊಂಡು, ಮೇಲೆ ಬಂದ ಪ್ರತಿಯೊಬ್ಬ ಕೂಲಿಯವನ ಬೊಗಸೆಗೂ ತಾವೇ ನೀರು ಹಾಕುತ್ತಿದ್ದರು. ನೋಡನೋಡುತ್ತ ಊರು ಬೆಳೆಯಿತು. ಓಣಿಗಳಾದವು, ಸಂತೆಯಾಯಿತು, ಸಿನಿಮಾ ಟೆಂಟೂ ಬಂತು. ಎಲ್ಲೆಲ್ಲಿಂದಲೋ ಬಂದ ಜನರನ್ನು ಹೆಸರು ಹಿಡಿದು ಕರೆಯುವುದು ನಿಂತು, ಹಿತ್ತಾಳೆಯ ನಂಬರ್ ಬಿಲ್ಲೆಗಳು ಬಂದವು. ಇಳಿಯುವಾಗ ಗಣಿಬಾಯಿಯ ಹಲಗೆಯಿಂದ ತಮ್ಮ ಬಿಲ್ಲೆ ತೆಗೆದುಕೊಳ್ಳಬೇಕು, ಹತ್ತಿ ಬಂದ ಮೇಲೆ ತಿರುಗಿ ತೂಗುಹಾಕಬೇಕು. ಹಲಗೆ ತುಂಬಿದರೆ ಎಲ್ಲರೂ ಮೇಲೆ ಬಂದರೆಂದು ಲೆಕ್ಕ. ಹರವಿ ಮಾತ್ರ ಅಲ್ಲೇ ಉಳಿಯಿತು, ತಾತನವರೂ ಉಳಿದರು.

ಫೋರ್ಮನ್ ದಾನಪ್ಪನಿಗೆ ಇದೆಲ್ಲ ಬೇಡದ ಉಸಾಬರಿ. "ಓಣಿಗೊಂದು ನಳ ಬಂದೈತಿ, ಈ ಮುದುಕಂದೇನು ನೀರಿನ ಸೇವಾ!" ಎಂದು ನಗುತ್ತಿದ್ದ. ಒಂದು ದಿನವೂ ಅಲ್ಲಿ ಬೊಗಸೆ ಒಡ್ಡಿದವನಲ್ಲ.

ಒಂದು ಮಧ್ಯಾಹ್ನ ಪಾಳಿ ಮುಗಿದು ಜನ ಮೇಲೆ ಬಂದರು. ಹಲಗೆಯ ತುಂಬ ಬಿಲ್ಲೆಗಳು. ಕೆಳಗೆ ಬಂಡೆ ಸಿಡಿಸುವ ಮದ್ದು ತುಂಬಿಯಾಗಿತ್ತು. ಹಾರಿಸಲು ದಾನಪ್ಪ ಸನ್ನೆ ಮಾಡುವಷ್ಟರಲ್ಲಿ ತಾತನವರು ಎದ್ದು ಬಂದು ಅವನ ಕೈ ಹಿಡಿದರು.

"ತಡಿ. ಹುಸೇನಪ್ಪ ಬಂದಿಲ್ಲ."

"ಅವನ ಬಿಲ್ಲೆ ಇಲ್ಲೇ ಐತಲ್ರೀ!"

"ಬಿಲ್ಲೆ ಬಂದೈತಿ. ಅಂವ ಬಂದಿಲ್ಲ. ಇನ್ನೂ ನೀರು ಕುಡಿದಿಲ್ಲ."

ದಾನಪ್ಪ ರೇಗಿದ. ತಾತನವರು ಕೈ ಬಿಡಲಿಲ್ಲ. ಆಗ ಅಮರೇಶನೆಂಬ ಕೂಲಿ ಮುಂದೆ ಬಂದ. "ತಪ್ಪಾತ್ರೀ. ಹಲಗಿ ಮುಂದ ಗದ್ದಲ ಇರ್ತೈತಂತ ಅವನ ಬಿಲ್ಲೆನೂ ನಾನೇ ಹಾಕೀನಿ. ಹಿಂದ ಬರ್ತೀನಂದಿದ್ದ."

ಅಯ್ಯೋ ಶಿವನೇ! ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕುವುದು ಅಲ್ಲಿ ದಿನದ ರೂಢಿ. ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ದಾನಪ್ಪ ತಾನೇ ಕೆಳಗಿಳಿದ. ಮದ್ದಿನಿಂದ ಇಪ್ಪತ್ತೇ ಹೆಜ್ಜೆ ದೂರದಲ್ಲಿ, ಜಾರಿದ ಬಂಡೆಗೆ ಕಾಲು ಸಿಕ್ಕಿಸಿಕೊಂಡು ಹುಸೇನಪ್ಪ ಕೂಗುತ್ತಿದ್ದ. ದಾನಪ್ಪ ಬಂಡೆ ಸರಿಸಿ ಅವನನ್ನು ಬೆನ್ನ ಮೇಲೆ ಹೊತ್ತು ತಂದ. ಕಾದು ನಿಂತಿದ್ದ ಜನಕ್ಕೆಲ್ಲ ಹೋದ ಜೀವ ಬಂದಂತಾಯಿತು. ಹುಸೇನಪ್ಪ ತಾತನವರ ಕೈಯಿಂದ ಮೂರು ಬೊಗಸೆ ನೀರು ಕುಡಿದ. ಪವಾಡವೆಂದು ಜಯಕಾರ ಹಾಕಲು ಹೊರಟವರನ್ನು ತಾತನವರು ಗದರಿ ಸುಮ್ಮನಾಗಿಸಿದರು.

"ನೀರು ಹಾಕುವಾಗ ಮುಖ ನೋಡ್ತೀನಪ್ಪ. ಮತ್ತೇನಿಲ್ಲ."

ದಾನಪ್ಪ ಮಣ್ಣು ಮೆತ್ತಿದ ಕೈಗಳನ್ನೇ ಬೊಗಸೆ ಮಾಡಿ ಮಂಡಿಯೂರಿದ. "ನನಗೂ ಹಾಕ್ರಿ ತಾತಾ. ನನ್ನ ಮುಖಾನೂ ನೆನಪಿಟ್ಕೊಳ್ರಿ."

"ನಿಂದೂ ಗೊತ್ತೈತಿ. ದಿನಾ ದೂರದಿಂದ ನೋಡ್ತಿದ್ದೆ. ಕುಡಿ."

ಅಂದಿನಿಂದ ಹಲಗೆ ಎಷ್ಟೇ ತುಂಬಿರಲಿ, ದಾನಪ್ಪ ಒಬ್ಬೊಬ್ಬರ ಹೆಸರನ್ನೂ ಕೂಗಿ, "ಬಂದೀನ್ರೀ" ಎಂಬ ದನಿ ಕೇಳಿದ ಮೇಲೆಯೇ ಮದ್ದು ಹಾರಿಸುತ್ತಿದ್ದ.